ಬರೆಯದೆ ಬಿಟ್ಟ ಪದ: ಅಂತರ್ಯುದ್ಧಕ್ಕೆ ಮುಂಚಿನ ಅಮೆರಿಕದಲ್ಲಿ ಗುಲಾಮಗಿರಿ ಮತ್ತು ಒಕ್ಕೂಟದ ವಾಗ್ವಾದ



1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಕದ ಮುಚ್ಚಿಕೊಂಡು ಕುಳಿತು ಅಮೆರಿಕದ ಸಂವಿಧಾನವನ್ನು ರಚಿಸಿದವರು ಒಂದು ಪದವನ್ನು ಬೇಕೆಂದೇ ಬರೆಯದೆ ಬಿಟ್ಟರು. ‘ಗುಲಾಮ’ ಎಂಬುದೇ ಆ ಪದ. ಹಾಗೆಂದು ಅದರಲ್ಲಿ ಗುಲಾಮರ ವಿಷಯವೇ ಇಲ್ಲವೆಂದು ತಿಳಿಯಬಾರದು. ಮೂರು ಕಡೆ ಇದೆ, ಮೂರೂ ಭಾರವಾದ ವಿಷಯಗಳು. ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂದು ಎಣಿಸುವಾಗ ಸ್ವತಂತ್ರರನ್ನು ಪೂರ್ತಿಯಾಗಿ, ಉಳಿದ ವ್ಯಕ್ತಿಗಳನ್ನು ಐದಕ್ಕೆ ಮೂರರಂತೆ ಲೆಕ್ಕ ಹಿಡಿಯಬೇಕೆಂದು ಒಂದು ವಿಧಿ. ಅಂಥ ವ್ಯಕ್ತಿಗಳನ್ನು ಹಡಗಿನಲ್ಲಿ ತರುವುದನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸಕೂಡದೆಂದು ಇನ್ನೊಂದು. ಒಂದು ರಾಜ್ಯದಲ್ಲಿ ದುಡಿಮೆಗೆ ಕಟ್ಟುಬಿದ್ದ ವ್ಯಕ್ತಿ ಮತ್ತೊಂದು ರಾಜ್ಯಕ್ಕೆ ಓಡಿಹೋದರೆ ಹಿಂದಕ್ಕೆ ಒಪ್ಪಿಸಬೇಕೆಂದು ಮತ್ತೊಂದು. ಮೂರೂ ಕಡೆ ಅವರನ್ನು ಕರೆದಿರುವುದು ‘ವ್ಯಕ್ತಿ’ ಎಂದೇ. ಯಾರನ್ನು ದಕ್ಷಿಣದ ರಾಜ್ಯಗಳ ಕಾನೂನು ಮಾಲು ಎಂದು ಹೆಸರಿಸಿ ಹರಾಜು ಕಟ್ಟೆಗೆ ನಿಲ್ಲಿಸುತ್ತಿತ್ತೋ ಅವರನ್ನು.

ಮನುಷ್ಯರ ಮೇಲೆ ಆಸ್ತಿಹಕ್ಕು ಇರಬಹುದೆಂಬ ಭಾವನೆಯನ್ನು ಸಂವಿಧಾನದೊಳಗೆ ಬಿಟ್ಟುಕೊಳ್ಳುವುದು ತಪ್ಪು ಎಂದು ಜೇಮ್ಸ್ ಮ್ಯಾಡಿಸನ್ ಆ ಸಭೆಯಲ್ಲೇ ಹೇಳಿದ. ಅವನೇ ಬರೆದಿಟ್ಟುಕೊಂಡ ಟಿಪ್ಪಣಿಗಳಲ್ಲಿ ಅದು ದಾಖಲಾಗಿದೆ. ಹೀಗೆ ಹೇಳಿದ ಮ್ಯಾಡಿಸನ್ ಸ್ವತಃ ಗುಲಾಮರ ಒಡೆಯ. ಅದನ್ನು ಆಷಾಢಭೂತಿತನ ಎಂದು ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ನಾಚಿಕೆ ಇರುವವನು ಮಾತ್ರ ಹೆಸರು ಮುಚ್ಚಿಡುತ್ತಾನೆ. ಎಪ್ಪತ್ತು ವರ್ಷಗಳ ಬಳಿಕ ಬಂದವರಿಗೆ ಆ ನಾಚಿಕೆಯೂ ಉಳಿದಿರಲಿಲ್ಲ.

ಇವತ್ತು ತಮ್ಮ ಮುಂದೆ ಇಡಬೇಕೆಂದಿರುವ ವಾದ ಇಷ್ಟು. 1820ರಿಂದ 1861ರವರೆಗೆ ಅಮೆರಿಕದ ಮುತ್ಸದ್ದಿಗಳು ಒಕ್ಕೂಟವನ್ನು ಉಳಿಸಿಕೊಂಡು ಬಂದದ್ದು ಈ ಪದದ ಸುತ್ತ ಸುತ್ತಿ ಹೋಗುವ ಉಪಾಯದಿಂದ. ಭೂಪಟದ ಗೆರೆ, ಸುಂಕದ ದರ, ಸದನದ ನಿಯಮ, ರಾಜ್ಯಗಳ ಅಧಿಕಾರ ಎಂದು ಎಲ್ಲವನ್ನೂ ಚರ್ಚಿಸಿದರು. ಪ್ರತಿ ಸಲವೂ ರಾಜಿಯಾಯಿತು, ಪ್ರತಿ ಸಲವೂ ಬೆಲೆ ತೆತ್ತವರು ರಾಜಿಯ ಕೋಣೆಯ ಹೊರಗಿದ್ದವರು. ಕೊನೆಗೆ ಆ ಪದವನ್ನು ದೇಶದ ಬಾಯಿಂದ ಹೊರಡಿಸಿದವರೂ ಆ ಹೊರಗಿನವರೇ.

ಐದಕ್ಕೆ ಮೂರರ ಲೆಕ್ಕವನ್ನು ಮೊದಲು ಸರಿಯಾಗಿ ನೋಡೋಣ, ಏಕೆಂದರೆ ಇದನ್ನು ನಮ್ಮಲ್ಲೂ ತಲೆಕೆಳಗಾಗಿ ಅರ್ಥ ಮಾಡಿಕೊಂಡವರಿದ್ದಾರೆ. ಗುಲಾಮರನ್ನು ಪೂರ್ತಿ ಮನುಷ್ಯರೆಂದು ಎಣಿಸದ ಕ್ರೌರ್ಯ ಇದು ಎಂದು ಅವರ ಅಂಬೋಣ. ಅಸಲು ಸಂಗತಿ ಇದಕ್ಕಿಂತ ಕಹಿ. ಗುಲಾಮರನ್ನು ಪೂರ್ತಿ ಐದಕ್ಕೆ ಐದು ಎಣಿಸಬೇಕೆಂದು ಹಟ ಹಿಡಿದವರು ಒಡೆಯರ ಪ್ರತಿನಿಧಿಗಳು. ಬೇಡವೇ ಬೇಡ ಎಂದವರು ಉತ್ತರದವರು. ಮತವಿಲ್ಲದವರ ತಲೆಯೆಣಿಕೆಯಿಂದ ಬರುವ ಸ್ಥಾನದಲ್ಲಿ ಕುಳಿತುಕೊಳ್ಳುವವನು ಅವರ ಧಣಿ ತಾನೆ! ಒಬ್ಬ ಒಡೆಯ ಐವರನ್ನು ಹೆಚ್ಚಿಗೆ ಕೊಂಡುಕೊಂಡರೆ ಅವನ ರಾಜ್ಯದ ರಾಜಕೀಯ ತೂಕಕ್ಕೆ ಮೂವರು ಸೇರಿದಂತೆ. ಗುಲಾಮಗಿರಿ ಬೆಳೆದಷ್ಟೂ ಗುಲಾಮಗಿರಿಯನ್ನು ಕಾಯುವ ಕೈ ಬಲವಾಗುವ ಏರ್ಪಾಡು ಇದು. ಅಧ್ಯಕ್ಷರನ್ನು ಆರಿಸುವ ಮತಗಳ ಹಂಚಿಕೆಯೂ ಇದೇ ಎಣಿಕೆಯ ಮೇಲೆ ನಿಂತಿತ್ತು.

ಆದರೂ 1787ರಲ್ಲಿ ಅನೇಕರು ಇದು ತಾನಾಗಿ ಬತ್ತಿಹೋಗುವ ಪದ್ಧತಿ ಎಂದು ನಂಬಿದ್ದರು. ಅದೇ ವರ್ಷ ಒಹಾಯೊ ನದಿಯ ವಾಯವ್ಯಕ್ಕಿದ್ದ ಪ್ರದೇಶದಲ್ಲಿ ಗುಲಾಮಗಿರಿಯನ್ನು ನಿಷೇಧಿಸಲಾಗಿತ್ತು. ನಂಬಿಕೆಯನ್ನು ಕೆಡಿಸಿದ್ದು ಒಂದು ಯಂತ್ರ. ಅರಳೆಯಿಂದ ಬೀಜ ಬಿಡಿಸುವುದು ಬೆರಳು ಸವೆಯುವ ಕೆಲಸ. 1793ರಲ್ಲಿ ಎಲೈ ವಿಟ್ನಿ ಅದಕ್ಕೆ ಯಂತ್ರ ಮಾಡಿದ. ಬೀಜ ಬಿಡಿಸುವ ಶ್ರಮ ಇಳಿಯಿತು, ಹತ್ತಿ ಬೆಳೆಯುವ ಆಸೆ ಏರಿತು, ಹೊಲದಲ್ಲಿ ಕಳೆ ತೆಗೆದು ಕಾಯಿ ಬಿಡಿಸುವ ಕೈಗಳ ಬೇಡಿಕೆ ಬಹಳ ಹೆಚ್ಚಿತು. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರು 1860ರ ಹೊತ್ತಿಗೆ 40 ಲಕ್ಷದ ಹತ್ತಿರ ಬಂದರು. ಆಗ ದೇಶದ ಒಟ್ಟು ಜನಸಂಖ್ಯೆ 3 ಕೋಟಿ 14 ಲಕ್ಷ. ದಕ್ಷಿಣ ಕೆರೊಲಿನಾ ಮತ್ತು ಮಿಸಿಸಿಪ್ಪಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರೇ.

1819ರಲ್ಲಿ ಮಿಸೌರಿ ಪ್ರದೇಶ ರಾಜ್ಯದ ದರ್ಜೆ ಕೇಳಿದಾಗ ಗುಲಾಮಗಿರಿ ಇರುವ ರಾಜ್ಯಗಳು 11, ಇಲ್ಲದವು 11. ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯಕ್ಕೆ ಇಬ್ಬರಂತೆ ಸಮಬಲ. ಯಾವ ಕಡೆಗೆ ತಕ್ಕಡಿ ವಾಲಬೇಕು ಎಂಬುದೇ ವ್ಯಾಜ್ಯ. 1820ರಲ್ಲಿ ಆದ ರಾಜಿಯಲ್ಲಿ ಮಿಸೌರಿ ಗುಲಾಮಗಿರಿಯೊಡನೆಯೂ ಮೇಯ್ನ್ ಅದಿಲ್ಲದೆಯೂ ಒಳಬಂದವು. ಉಳಿದ ಲೂಸಿಯಾನಾ ಖರೀದಿ ಪ್ರದೇಶದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಸಲ್ಲದು ಎಂದಾಯಿತು. ಹೊಲದ ಬದು ಹಾಕಿದಂತೆ ಒಂದು ನೈತಿಕ ಪ್ರಶ್ನೆಗೆ ಗೆರೆ ಎಳೆದರು. ವಯಸ್ಸಾಗಿ ತನ್ನ ಎಸ್ಟೇಟು ಮಾಂಟಿಚೆಲೊದಲ್ಲಿ ಕುಳಿತಿದ್ದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಆ ಗೆರೆ ಸಾವಿನ ಸದ್ದಿನಂತೆ ಕೇಳಿಸಿತೆಂದು ಅವನ ಪತ್ರವೊಂದರಿಂದ ತಿಳಿಯುತ್ತದೆ. ಅವನಿಗೆ ಭಯವಿದ್ದುದು ಒಕ್ಕೂಟದ ಬಗ್ಗೆ. ಮಾಂಟಿಚೆಲೊದ ಹೊಲಗಳಲ್ಲಿ ದುಡಿಯುತ್ತಿದ್ದವರ ಬಗ್ಗೆ ಆ ಪತ್ರದಲ್ಲಿರುವುದು ತೋಳವನ್ನು ಕಿವಿ ಹಿಡಿದು ನಿಂತವನ ಇಕ್ಕಟ್ಟು.

ಒಕ್ಕೂಟ ಎಂದರೇನು ಎಂಬ ಮೂಲ ಪ್ರಶ್ನೆಯನ್ನು ತಾತ್ವಿಕವಾಗಿ ಎತ್ತಿದ್ದು ಮುಂದಿನ ದಶಕ. 1830ರ ಜನವರಿಯಲ್ಲಿ ಸೆನೆಟ್‌ನಲ್ಲಿ ಮ್ಯಾಸಚೂಸೆಟ್ಸಿನ ಡೇನಿಯಲ್ ವೆಬ್‌ಸ್ಟರ್ ಮತ್ತು ದಕ್ಷಿಣ ಕೆರೊಲಿನಾದ ರಾಬರ್ಟ್ ಹೇನ್ ನಡುವೆ ನಡೆದ ವಾದ ಇವತ್ತಿಗೂ ಓದತಕ್ಕದ್ದು. ರಾಜ್ಯಗಳು ತಮ್ಮೊಳಗೆ ಮಾಡಿಕೊಂಡ ಕರಾರಿನಿಂದ ಒಕ್ಕೂಟ ಹುಟ್ಟಿತು; ಕರಾರು ಮೀರಿದ ಕಾಯ್ದೆಯನ್ನು ಯಾವ ರಾಜ್ಯವಾದರೂ ತನ್ನ ಗಡಿಯೊಳಗೆ ರದ್ದುಪಡಿಸಬಹುದು ಎಂಬುದು ಹೇನ್ ಪಕ್ಷ. ಅದನ್ನು ಹುಟ್ಟಿಸಿದ್ದು ರಾಜ್ಯಗಳಲ್ಲ, ಜನ. ಅದನ್ನು ಬಿಚ್ಚುವ ಹಕ್ಕು ರಾಜ್ಯಗಳಿಗಿಲ್ಲ ಎಂಬುದು ವೆಬ್‌ಸ್ಟರ್ ಪಕ್ಷ. ಹೇನ್ ಬೆನ್ನ ಹಿಂದಿದ್ದ ಮೆದುಳು ಜಾನ್ ಕಲ್‌ಹೌನ್. ಆಗ ಅವನು ಉಪಾಧ್ಯಕ್ಷನಾಗಿ ಆ ಸಭೆಯ ಪೀಠದಲ್ಲೇ ಕುಳಿತಿದ್ದ. 1832ರಲ್ಲಿ ದಕ್ಷಿಣ ಕೆರೊಲಿನಾ ಈ ಸಿದ್ಧಾಂತವನ್ನು ಆಚರಣೆಗೆ ತಂದು ಆಮದು ಸುಂಕದ ಕಾಯ್ದೆ ತನಗೆ ಅನ್ವಯಿಸದು ಎಂದು ಘೋಷಿಸಿತು. ತಾನೂ ದಕ್ಷಿಣದವನೇ, ಗುಲಾಮರ ಒಡೆಯನೇ ಆದ ಅಧ್ಯಕ್ಷ ಆಂಡ್ರೂ ಜಾಕ್ಸನ್ ಸೈನ್ಯದ ಬೆದರಿಕೆ ಹಾಕಿದ. ಸುಂಕ ಇಳಿಸುವ ರಾಜಿಯಾಗಿ ಪ್ರಕರಣ ತಣ್ಣಗಾಯಿತು.

ಸುಂಕಕ್ಕಾಗಿ ಇಷ್ಟೊಂದು ರೋಷವೇ? ಕಲ್‌ಹೌನನೇ 1830ರಲ್ಲಿ ಆಪ್ತನೊಬ್ಬನಿಗೆ ಬರೆದ ಪತ್ರದಲ್ಲಿ ಸುಂಕ ನೆಪ, ಅಸಲು ಕಾರಣ ದಕ್ಷಿಣದ ವಿಶಿಷ್ಟ ವ್ಯವಸ್ಥೆ ಎಂಬರ್ಥದ ಮಾತು ಬರುತ್ತದೆ. ಗಮನಿಸಿ, ಖಾಸಗಿ ಕಾಗದದಲ್ಲೂ ಅವನು ಬಳಸುವುದು ಸುತ್ತುಮಾತನ್ನೇ.

ಮರುವರ್ಷ, 1831ರಲ್ಲಿ, ಎರಡು ಘಟನೆಗಳು ನಡೆದವು. ಜನವರಿಯಲ್ಲಿ ಬಾಸ್ಟನ್ನಿನಲ್ಲಿ ವಿಲಿಯಂ ಲಾಯ್ಡ್ ಗ್ಯಾರಿಸನ್ ‘ದಿ ಲಿಬರೇಟರ್’ ಪತ್ರಿಕೆ ತೆರೆದು, ತಡಮಾಡದೆ ಬಿಡುಗಡೆ ಎಂದು ಕೇಳತೊಡಗಿದ. ಆಗಸ್ಟ್‌ನಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ನಾಯಕತ್ವದಲ್ಲಿ ದಂಗೆಯೆದ್ದು ಐವತ್ತಕ್ಕೂ ಹೆಚ್ಚು ಬಿಳಿಯರು ಸತ್ತರು. ಪ್ರತೀಕಾರದಲ್ಲಿ ಅದಕ್ಕಿಂತ ಹೆಚ್ಚು ಕರಿಯರು. ಆ ಚಳಿಗಾಲ ವರ್ಜೀನಿಯಾದ ಶಾಸನಸಭೆ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ ಬಗ್ಗೆ ಬಹಿರಂಗವಾಗಿ ಚರ್ಚಿಸಿತು, ಕೈಬಿಟ್ಟಿತು. ದಕ್ಷಿಣದಲ್ಲಿ ಅಂಥ ಚರ್ಚೆ ನಡೆದದ್ದು ಅದೇ ಕೊನೆ. ಅಲ್ಲಿಂದಾಚೆಗೆ ಬೀಗ. 1835ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಅಂಚೆ ಚೀಲದಿಂದ ವಿಮೋಚನಾವಾದಿಗಳ ಕರಪತ್ರ ತೆಗೆದು ಬೀದಿಯಲ್ಲಿ ಸುಟ್ಟರು. 1836ರಲ್ಲಿ ಕಾಂಗ್ರೆಸ್ಸಿನ ಕೆಳಮನೆಯೇ ಒಂದು ನಿಯಮ ಮಾಡಿಕೊಂಡಿತು: ಗುಲಾಮಗಿರಿಯ ಬಗ್ಗೆ ಜನ ಸಲ್ಲಿಸುವ ಯಾವ ಮನವಿಯನ್ನೂ ಓದದೆ, ಮುದ್ರಿಸದೆ, ಚರ್ಚಿಸದೆ ಮೂಲೆಗಿಡತಕ್ಕದ್ದು.

ಎಂಟು ವರ್ಷ ಈ ನಿಯಮ ನಡೆಯಿತು. ಇದರ ವಿರುದ್ಧ ನಿಂತವನು ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್. ಅಧ್ಯಕ್ಷಗಿರಿ ಮುಗಿದ ಮೇಲೆ ಸಾಮಾನ್ಯ ಸದಸ್ಯನಾಗಿ ಕೆಳಮನೆಗೆ ಬಂದು ಕುಳಿತ ಮುದುಕ. ಒಂದು ದಿನ ಅವನು ಸಭಾಪತಿಯನ್ನು ಕೇಳಿದ: ತನ್ನ ಬಳಿ ಗುಲಾಮರೇ ಬರೆದದ್ದೆನ್ನಲಾದ ಒಂದು ಮನವಿಯಿದೆ, ಇದಕ್ಕೂ ನಿಯಮ ಅನ್ವಯಿಸುತ್ತದೆಯೋ? ಸದನ ಹೊತ್ತಿ ಉರಿಯಿತು, ಖಂಡನೆಯ ನಿರ್ಣಯಗಳು ಬಂದವು. ದಿನಗಟ್ಟಲೆ ಕೂಗಾಡಿದ ಬಳಿಕ ಆ ಮನವಿ ಗುಲಾಮಗಿರಿ ಇರಲಿ ಎಂದು ಕೇಳುವಂಥದು ಎಂಬ ಸಂಗತಿ ಹೊರಬಿತ್ತು. ಆಡಮ್ಸ್ ವಾದಿಸಿದ್ದು ಮನವಿ ಸಲ್ಲಿಸುವ ಹಕ್ಕಿಗಾಗಿ. ಉತ್ತರದ ಸಾಮಾನ್ಯ ಜನಕ್ಕೆ ಗುಲಾಮಗಿರಿ ಮೊದಲ ಸಲ ತಮ್ಮ ಮನೆಯ ವಿಷಯವಾದದ್ದು ಹೀಗೆ: ಬೇರೆಯವರ ಕೈಕಾಲು ಕಟ್ಟಿಡಬೇಕಾದರೆ ತಮ್ಮ ಬಾಯಿಯನ್ನೂ ಕಟ್ಟಬೇಕಾಗುತ್ತದೆ ಎಂದು ಗೊತ್ತಾದಾಗ.

ಈಗ 1850ಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವ ಅಪ್ಪಣೆ ಬೇಡುತ್ತೇನೆ, ಏಕೆಂದರೆ ರಾಜಿ ಎಂಬ ಕಲೆಯ ಶಿಖರವೂ ಪ್ರಪಾತವೂ ಇದೇ.

ಮೆಕ್ಸಿಕೊ ಮೇಲಿನ ಯುದ್ಧ 1848ರಲ್ಲಿ ಮುಗಿದು ಪಶ್ಚಿಮದ ಅಪಾರ ನೆಲ ಕೈಗೆ ಬಂದಿತ್ತು. ಆಗ ರಾಜ್ಯಗಳು 15ಕ್ಕೆ 15. ಚಿನ್ನದ ಬೆನ್ನು ಹತ್ತಿ ಬಂದ ಜನರಿಂದ ತುಂಬಿದ ಕ್ಯಾಲಿಫೋರ್ನಿಯಾ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಬಾಗಿಲಲ್ಲಿ ನಿಂತಿತ್ತು. ಎಪ್ಪತ್ತೆರಡರ ಸೆನೆಟರ್ ಹೆನ್ರಿ ಕ್ಲೇ ಜನವರಿ ಕೊನೆಯಲ್ಲಿ ರಾಜಿಸೂತ್ರ ಮಂಡಿಸಿದ. ಮಾರ್ಚ್ 4ರಂದು ಕಲ್‌ಹೌನ್ ಸದನಕ್ಕೆ ಬಂದ. ಕ್ಷಯ ತಿಂದುಹಾಕಿದ ಶರೀರ, ಎದ್ದು ನಿಂತು ಓದಲು ತ್ರಾಣವಿಲ್ಲ. ಅವನ ಭಾಷಣವನ್ನು ವರ್ಜೀನಿಯಾದ ಜೇಮ್ಸ್ ಮೇಸನ್ ಓದಿದ, ಅವನು ಹೊದ್ದುಕೊಂಡು ಕುಳಿತು ಕೇಳಿದ. ಒಕ್ಕೂಟವನ್ನು ಹಿಡಿದಿಟ್ಟ ಹಗ್ಗಗಳು ಒಂದೊಂದಾಗಿ ಹರಿಯುತ್ತಿವೆ, ಮೆಥಡಿಸ್ಟ್ ಸಭೆ ಒಡೆಯಿತು, ಬ್ಯಾಪ್ಟಿಸ್ಟ್ ಸಭೆ ಒಡೆಯಿತು, ಇನ್ನು ಉಳಿಯುವುದು ಬಲಪ್ರಯೋಗವೊಂದೇ ಎಂಬುದು ಅದರ ಸಾರ. ಆ ತಿಂಗಳ ಕೊನೆಯ ದಿನ ಅವನು ತೀರಿಕೊಂಡ. ರೋಗನಿರ್ಣಯದಲ್ಲಿ ಅವನು ಎಲ್ಲರಿಗಿಂತ ನಿಖರ. ರೋಗವೇ ಆರೋಗ್ಯವೆಂದು ನಂಬಿದ್ದನೆಂಬುದು ಬೇರೆ ಮಾತು. ಅವನ ಭಾಷಣವಾದ ಮೂರು ದಿನದ ಬಳಿಕ ವೆಬ್‌ಸ್ಟರ್ ಎದ್ದು ಒಕ್ಕೂಟದ ಹೆಸರಿನಲ್ಲಿ ರಾಜಿಯನ್ನು ಸಮರ್ಥಿಸಿದ, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕರಾರನ್ನೂ ಸೇರಿಸಿ. ನ್ಯೂ ಇಂಗ್ಲೆಂಡಿನ ಅನೇಕ ಅಭಿಮಾನಿಗಳ ಪಾಲಿಗೆ ಅವನು ಅಂದೇ ಸತ್ತ. ನ್ಯೂಯಾರ್ಕಿನ ವಿಲಿಯಂ ಸೀವರ್ಡ್ ಸಂವಿಧಾನಕ್ಕಿಂತ ಮೇಲಿನ ಧರ್ಮವೊಂದಿದೆ ಎಂದ. ಇಬ್ಬರ ದಾರಿ ಅಲ್ಲಿಗೆ ಕವಲೊಡೆಯಿತು.

ಕ್ಲೇ ಒಂದೇ ಗಂಟಾಗಿ ಕಟ್ಟಿ ತಂದ ಮಸೂದೆ ಬಿತ್ತು. ಇಲಿನಾಯ್‌ನ ತರುಣ ಸೆನೆಟರ್ ಸ್ಟೀಫನ್ ಡಗ್ಲಸ್ ಗಂಟು ಬಿಚ್ಚಿ ಒಂದೊಂದನ್ನೇ ಬೇರೆ ಬೇರೆ ಬಹುಮತದಿಂದ ದಾಟಿಸಿದ. ಇದರ ಅರ್ಥ ಸೂಕ್ಷ್ಮವಾದುದು. ಇಡೀ ರಾಜಿಯನ್ನು ಒಪ್ಪುವ ಬಹುಮತ ದೇಶದಲ್ಲಿ ಇರಲೇ ಇಲ್ಲ. ಇದ್ದದ್ದು ಎರಡು ಪಕ್ಷಗಳು ಮತ್ತು ನಡುವೆ ಆ ಕಡೆ ಈ ಕಡೆ ಕೈ ಎತ್ತಿದ ಕೆಲವರು.

ಅದರೊಳಗಿನ ಓಡಿಹೋದ ಗುಲಾಮರ ಕಾಯ್ದೆಯ ಒಂದು ಕಲಮನ್ನು ಹತ್ತಿರದಿಂದ ನೋಡಬೇಕು. ಸಿಕ್ಕಿಬಿದ್ದವನು ಗುಲಾಮನೋ ಅಲ್ಲವೋ ಎಂದು ತೀರ್ಮಾನಿಸುವವನು ನ್ಯಾಯಾಧೀಶನಲ್ಲ, ಒಬ್ಬ ಕಮಿಷನರ್. ಜ್ಯೂರಿ ಇಲ್ಲ. ಹಿಡಿಸಿಕೊಂಡವನು ತನ್ನ ಪರ ತಾನೇ ಸಾಕ್ಷಿ ನುಡಿಯುವಂತಿಲ್ಲ. ಅವನು ಗುಲಾಮನೇ ಎಂದು ತೀರ್ಪಾದರೆ ಕಮಿಷನರಿಗೆ ಫೀಸು 10 ಡಾಲರ್. ಅಲ್ಲ ಎಂದು ಬಿಟ್ಟುಕಳಿಸಿದರೆ 5 ಡಾಲರ್. ಕಾಗದಪತ್ರದ ಕೆಲಸ ಜಾಸ್ತಿ, ಆದ್ದರಿಂದ ಹೆಚ್ಚಿನ ಫೀಸು ಎಂಬುದು ಅದರ ಸಮರ್ಥನೆ. ಆಶ್ರಯ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ. ಹಿಡಿಯಲು ಬಾ ಎಂದು ಅಧಿಕಾರಿ ಕರೆದರೆ ದಾರಿಹೋಕನೂ ಹೋಗಲೇಬೇಕು. ಒಕ್ಕೂಟದ ಬೆಲೆ ಎಷ್ಟೆಂದು ಸೆನೆಟ್‌ನ ಮಹಾಭಾಷಣಗಳಲ್ಲಿ ಹುಡುಕಬೇಕಾಗಿಲ್ಲ. ಆ 10 ಮತ್ತು 5ರ ನಡುವಿನ ವ್ಯತ್ಯಾಸದಲ್ಲಿ ಬರೆದಿಟ್ಟಿದ್ದಾರೆ.

ರಾಜ್ಯಗಳ ಹಕ್ಕು ಎಂಬ ಮಾತಿನ ಬಗೆಗೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ ಎಂದು ಹೇಳುವ ಒಂದು ಪರಂಪರೆಯೇ ಇದೆ. 1850ರ ಕಾಯ್ದೆ ಅದುವರೆಗೆ ಬಂದ ಕೇಂದ್ರ ಕಾಯ್ದೆಗಳಲ್ಲೆಲ್ಲ ರಾಜ್ಯಗಳ ಅಂಗಳಕ್ಕೆ ಆಳವಾಗಿ ನುಗ್ಗಿದ್ದು. ಅದನ್ನು ಬೇಡಿದವರು ದಕ್ಷಿಣದವರು. ಪ್ರತಿರೋಧವಾಗಿ ತಮ್ಮ ಪ್ರಜೆಗಳನ್ನು ರಕ್ಷಿಸುವ ಸ್ವಾತಂತ್ರ್ಯ ಕಾಯ್ದೆಗಳನ್ನು ಮಾಡಿದವರು ಉತ್ತರದ ರಾಜ್ಯಗಳು. ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವಂತೂ ಕೇಂದ್ರದ ಕಾಯ್ದೆಯೇ ಅಸಿಂಧು ಎಂದಿತು. 1859ರಲ್ಲಿ ದೇಶದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದಾಗ ದಕ್ಷಿಣ ಚಪ್ಪಾಳೆ ತಟ್ಟಿತು. ಕಲ್‌ಹೌನ್ ಸಿದ್ಧಾಂತ ವಿಸ್ಕಾನ್ಸಿನ್‌ಗೆ ವಲಸೆ ಹೋಗಿತ್ತು! ಒಕ್ಕೂಟ ತತ್ತ್ವವೂ ರಾಜ್ಯ ತತ್ತ್ವವೂ ಆ ದಿನಗಳಲ್ಲಿ ಆಯುಧಗಳಾಗಿದ್ದವು, ಕೈಯಿಂದ ಕೈಗೆ ಬದಲಾಗುತ್ತಿದ್ದವು. ಬದಲಾಗದೆ ಉಳಿದದ್ದು ಜಗಳದ ವಸ್ತು.

ಆ ವಸ್ತುವನ್ನು ಮತ್ತೆ ಮತ್ತೆ ಸದನದ ಮೇಜಿಗೆ ತಂದು ಹಾಕಿದವರು ಯಾರು? ಒಹಾಯೊ ನದಿಯನ್ನು ರಾತ್ರಿ ದಾಟಿದವರು. ಓಡುವವರಿಲ್ಲದಿದ್ದರೆ ಕಾಯ್ದೆ ಬೇಕಾಗುತ್ತಿರಲಿಲ್ಲ. 1854ರಲ್ಲಿ ಬಾಸ್ಟನ್ನಿನಿಂದ ಆಂಥನಿ ಬರ್ನ್ಸ್ ಎಂಬ ಒಬ್ಬ ಯುವಕನನ್ನು ವರ್ಜೀನಿಯಾಕ್ಕೆ ಸಾಗಿಸಲು ಸೈನ್ಯವನ್ನೇ ಬೀದಿಗಿಳಿಸಬೇಕಾಯಿತು. ಕಟ್ಟಡಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟು, ಸಾವಿರಾರು ಜನ ಎರಡೂ ಕಡೆ ನಿಂತು ನೋಡಿದರು. ಅಲ್ಲಿಯವರೆಗೆ ಗುಲಾಮಗಿರಿ ಎಲ್ಲೋ ದೂರದ ಹತ್ತಿ ಹೊಲದಲ್ಲಿತ್ತು, ಅಂದು ಅವರ ಬೀದಿಯಲ್ಲಿ ನಡೆದುಹೋಯಿತು.

ಓಡಿಬಂದವರಲ್ಲಿ ಎಲ್ಲರಿಗಿಂತ ಹೆಸರಾದವನು ಫ್ರೆಡರಿಕ್ ಡಗ್ಲಸ್. ಕನ್ನಡದಲ್ಲಿ ಬರೆದರೆ ಅವನೂ ಸೆನೆಟರೂ ಒಂದೇ ಹೆಸರಿನವರಾಗುತ್ತಾರೆ. ವಿಚಾರದಲ್ಲಿ ಉತ್ತರ ದಕ್ಷಿಣ. 1838ರಲ್ಲಿ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಮೊದಮೊದಲು ಗ್ಯಾರಿಸನ್ನನ ಶಿಷ್ಯ. ಸಂವಿಧಾನ ಗುಲಾಮಗಿರಿಯ ಕರಾರು, ಒಡೆಯರೊಡನೆ ಒಕ್ಕೂಟವೇ ಬೇಡ ಎಂಬುದು ಗ್ಯಾರಿಸನ್ ನಿಲುವು; 1854ರ ಸ್ವಾತಂತ್ರ್ಯ ದಿನದಂದು ಅವನು ಸಾರ್ವಜನಿಕವಾಗಿ ಸಂವಿಧಾನದ ಪ್ರತಿಯನ್ನೇ ಸುಟ್ಟ. ವಿಚಿತ್ರವೆಂದರೆ ಸಂವಿಧಾನದ ಅರ್ಥದ ವಿಷಯದಲ್ಲಿ ಗ್ಯಾರಿಸನ್ನನಿಗೂ ಕಲ್‌ಹೌನನಿಗೂ ಭಿನ್ನಾಭಿಪ್ರಾಯವಿರಲಿಲ್ಲ: ಅದು ಗುಲಾಮಗಿರಿಯನ್ನು ಕಾಯುತ್ತದೆ. ಒಬ್ಬ ಅದಕ್ಕಾಗಿ ಅಪ್ಪಿಕೊಂಡ, ಇನ್ನೊಬ್ಬ ಬೆಂಕಿ ಹಚ್ಚಿದ. ಫ್ರೆಡರಿಕ್ 1851ರ ಹೊತ್ತಿಗೆ ಗುರುವಿನಿಂದ ದೂರ ಸರಿದ. ಮರುವರ್ಷ ಜುಲೈ 5ರಂದು ರಾಚೆಸ್ಟರ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಸ್ವಾತಂತ್ರ್ಯೋತ್ಸವದ ಆಡಂಬರವನ್ನು ಸಿಗಿದು ಹಾಕಿದ ಮೇಲೆ, ಅದೇ ಉಸಿರಿನಲ್ಲಿ ಸಂವಿಧಾನವನ್ನು ಎತ್ತಿಕೊಂಡ. ಗುಲಾಮ ಎಂಬ ಪದ ಅದರಲ್ಲಿ ಎಲ್ಲಿದೆ ತೋರಿಸಿ ಎಂಬುದು ಅವನ ಪಟ್ಟು. ಆಸ್ತಿಪತ್ರದಲ್ಲಿ ಹೆಸರೇ ಇಲ್ಲದ ಜಮೀನನ್ನು ತನ್ನದೆಂದರೆ ಯಾವ ಕೋರ್ಟು ಒಪ್ಪೀತು? ಬರೆದವರು ಮುಚ್ಚಿಡಲು ಬಿಟ್ಟ ಖಾಲಿ ಜಾಗವನ್ನು, ಯಾರ ಹೆಸರನ್ನು ಅಲ್ಲಿಂದ ಅಳಿಸಿದ್ದರೋ ಆ ಮನುಷ್ಯ ತನ್ನದಾಗಿಸಿಕೊಂಡ. ಇಡೀ ನಲವತ್ತು ವರ್ಷಗಳ ವಾಗ್ವಾದದಲ್ಲಿ ಇದಕ್ಕಿಂತ ಜಾಣ ನಡೆ ನನಗೆ ಕಂಡಿಲ್ಲ.

ಅದೇ ಖಾಲಿ ಜಾಗವನ್ನು ಇನ್ನೊಂದು ರೀತಿಯಲ್ಲಿ ತುಂಬಿದವನು ಮುಖ್ಯ ನ್ಯಾಯಮೂರ್ತಿ ರಾಜರ್ ಟಾನಿ. ಅವನ ತೀರ್ಪಿಗೆ ಮೊದಲು ಆದದ್ದನ್ನು ನೋಡಬೇಕು. 1854ರಲ್ಲಿ ಸ್ಟೀಫನ್ ಡಗ್ಲಸ್ ಕ್ಯಾನ್ಸಸ್–ನೆಬ್ರಾಸ್ಕಾ ಕಾಯ್ದೆಯಿಂದ 1820ರ ಗೆರೆಯನ್ನು ಅಳಿಸಿ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಆಯಾ ಪ್ರದೇಶದ ವಲಸಿಗರೇ ಮತ ಹಾಕಿ ನಿರ್ಧರಿಸಲಿ ಎಂದಿದ್ದ. ಕೇಳಲು ಪ್ರಜಾಪ್ರಭುತ್ವ. ಕ್ಯಾನ್ಸಸ್‌ಗೆ ಎರಡೂ ಕಡೆಯವರು ಬಂದೂಕು ಹಿಡಿದು ವಲಸೆ ಬಂದರು, ಎರಡು ಶಾಸನಸಭೆಗಳಾದವು, ರಕ್ತ ಹರಿಯಿತು. ಅದನ್ನು ಖಂಡಿಸಿ ಭಾಷಣ ಮಾಡಿದ ಸೆನೆಟರ್ ಚಾರ್ಲ್ಸ್ ಸಮ್ನರ್ 1856ರ ಮೇ 22ರಂದು ಸದನದಲ್ಲಿ ತನ್ನ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದಾಗ ದಕ್ಷಿಣ ಕೆರೊಲಿನಾದ ಪ್ರತಿನಿಧಿ ಪ್ರೆಸ್ಟನ್ ಬ್ರೂಕ್ಸ್ ಕೈಗೋಲಿನಿಂದ ತಲೆಯ ಮೇಲೆ ಬಾರಿಸಿದ. ಕೋಲು ಮುರಿಯುವವರೆಗೂ ಬಾರಿಸಿದ. ಮೇಜನ್ನು ನೆಲಕ್ಕೆ ಜಡಿದಿದ್ದರು. ಏಳಲು ಹೋದ ಸಮ್ನರ್ ಅದನ್ನು ಕಿತ್ತುಕೊಂಡೇ ಎದ್ದು, ಬಿದ್ದ. ಬ್ರೂಕ್ಸ್‌ನನ್ನು ಅವನ ಕ್ಷೇತ್ರ ಮತ್ತೆ ಆರಿಸಿ ಕಳಿಸಿತು, ಅಭಿಮಾನಿಗಳು ಹೊಸ ಕೋಲುಗಳನ್ನು ಉಡುಗೊರೆ ಕೊಟ್ಟರು. ಮ್ಯಾಸಚೂಸೆಟ್ಸ್ ಸಮ್ನರ್‌ನ ಖಾಲಿ ಕುರ್ಚಿಯನ್ನು ಹಾಗೇ ಬಿಟ್ಟಿತು. ಮಾತಿನ ಮನೆಯಲ್ಲಿ ಮಾತು ಅಂದು ನಿಂತಿತು ಎಂದರೆ ಅತಿಶಯವಲ್ಲ.

1857ರ ಮಾರ್ಚ್ 6ರಂದು ಟಾನಿಯ ತೀರ್ಪು ಬಂತು. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಒಡೆಯನೊಡನೆ ಗುಲಾಮಗಿರಿಯಿಲ್ಲದ ನೆಲದಲ್ಲಿ ವರ್ಷಗಳ ಕಾಲ ಇದ್ದವನು, ಆ ಆಧಾರದ ಮೇಲೆ ಬಿಡುಗಡೆ ಕೇಳಿದ್ದ. ಟಾನಿ ಹೇಳಿದ್ದು ಇಷ್ಟು: ಕರಿಯರು ಈ ದೇಶದ ಪ್ರಜೆಗಳಾಗಲಾರರು, ಆದ್ದರಿಂದ ದಾವೆ ಹೂಡುವಂತೆಯೇ ಇಲ್ಲ. ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಕಾಂಗ್ರೆಸ್ಸಿಗೂ ಇಲ್ಲ. ಗುಲಾಮರ ಮೇಲಿನ ಆಸ್ತಿಹಕ್ಕನ್ನು ಸಂವಿಧಾನ ಸ್ಪಷ್ಟವಾಗಿ ಎತ್ತಿಹಿಡಿದಿದೆ. ಏಳಕ್ಕೆ ಎರಡು ಬಹುಮತ. ಭಿನ್ನಮತ ಬರೆದ ಬೆಂಜಮಿನ್ ಕರ್ಟಿಸ್ ಸರಳವಾದ ಸಂಗತಿಯೊಂದನ್ನು ನೆನಪಿಸಿದ: ಸಂವಿಧಾನವನ್ನು ಅನುಮೋದಿಸುವ ಕಾಲದಲ್ಲಿ ಐದು ರಾಜ್ಯಗಳಲ್ಲಿ ಸ್ವತಂತ್ರ ಕರಿಯರಿಗೆ ಮತದಾನದ ಹಕ್ಕಿತ್ತು. ತಾವೇ ಮತ ಹಾಕಿ ತಂದ ಸಂವಿಧಾನಕ್ಕೆ ಅವರು ಪರಕೀಯರೇ?

ಲಿಂಕನ್ ವಿಷಯಕ್ಕೆ ನಾನು ತಡವಾಗಿ ಬರುತ್ತಿದ್ದೇನೆ, ಬೇಕೆಂದೇ. ನಮ್ಮ ಪಠ್ಯಪುಸ್ತಕಗಳು ಅವನಿಂದ ಶುರುಮಾಡಿ ಅವನಲ್ಲೇ ಮುಗಿಸುತ್ತವೆ. 1858ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇಲಿನಾಯ್‌ನ ಏಳು ಊರುಗಳಲ್ಲಿ ಅವನೂ ಸ್ಟೀಫನ್ ಡಗ್ಲಸ್ಸನೂ ಎದುರುಬದುರು ನಿಂತು ವಾದಿಸಿದರು. ಮೊದಲಿಗನಿಗೆ ಒಂದು ಗಂಟೆ, ಎದುರಾಳಿಗೆ ಒಂದೂವರೆ ಗಂಟೆ, ಮತ್ತೆ ಮೊದಲಿಗನಿಗೆ ಅರ್ಧ ಗಂಟೆ. ಮೈಕಿಲ್ಲ, ಮೈದಾನದಲ್ಲಿ ಸಾವಿರಾರು ಜನ. ತಮಾಷೆಯೆಂದರೆ ಆ ಜನರಿಗೆ ಸೆನೆಟರನ್ನು ಆರಿಸುವ ಮತವೇ ಇರಲಿಲ್ಲ. ಆಗ ಅದು ರಾಜ್ಯ ಶಾಸನಸಭೆಯ ಕೆಲಸ. ಗುಲಾಮಗಿರಿ ಗೆಲ್ಲಲಿ ಸೋಲಲಿ, ತನಗೆ ಜನರ ಮತ ಮುಖ್ಯ ಎಂದ ಡಗ್ಲಸ್. ತಪ್ಪು ಎಂಬುದೊಂದಿದ್ದರೆ ಅದರ ಬಗ್ಗೆ ನಿರ್ಲಿಪ್ತನಾಗಿರುವುದು ಹೇಗೆ ಎಂದ ಲಿಂಕನ್. ಇದೇ ಲಿಂಕನ್ ಸೆಪ್ಟೆಂಬರಿನಲ್ಲಿ ಇದೇ ರಾಜ್ಯದ ಚಾರ್ಲ್ಸ್‌ಟನ್ ಎಂಬ ಊರಿನ ಸಭೆಯಲ್ಲಿ, ಕರಿಯರಿಗೆ ಮತದಾನ, ಜ್ಯೂರಿಯ ಸ್ಥಾನ, ಸಾಮಾಜಿಕ ಸಮಾನತೆ ಕೊಡಬೇಕೆಂಬ ಪಕ್ಷ ತನ್ನದಲ್ಲ ಎಂದು ಜನ ಚಪ್ಪಾಳೆ ತಟ್ಟುವಂತೆ ಹೇಳಿದ. ಎರಡೂ ಅವನದೇ ಮಾತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಹಕ್ಕು ನಮಗಿಲ್ಲ. ಚುನಾವಣೆಯಲ್ಲಿ ಅವನು ಸೋತ. 1860ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಟಾನಿಯ ತೀರ್ಪಿಗೆ ಅವನು ಕೊಟ್ಟ ಉತ್ತರ ಫ್ರೆಡರಿಕ್ ಡಗ್ಲಸ್ಸನ ಉತ್ತರವೇ: ಸ್ಪಷ್ಟವಾಗಿ ಎತ್ತಿಹಿಡಿದಿದೆ ಎನ್ನುತ್ತೀರಿ, ಆ ಪದ ಎಲ್ಲಿದೆ?

ಹತ್ತಿಯೇ ದೊರೆ, ಅದರ ಮೇಲೆ ಯುದ್ಧ ಹೂಡುವ ಧೈರ್ಯ ಜಗತ್ತಿನಲ್ಲಿ ಯಾರಿಗೂ ಇಲ್ಲ ಎಂದು ದಕ್ಷಿಣ ಕೆರೊಲಿನಾದ ಜೇಮ್ಸ್ ಹ್ಯಾಮಂಡ್ 1858ರಲ್ಲಿ ಸೆನೆಟ್‌ನಲ್ಲಿ ಜಂಬ ಕೊಚ್ಚಿದ್ದ. ಆ ಲೆಕ್ಕ ತಪ್ಪಿದ್ದರಲ್ಲಿ ನಮ್ಮ ನೆಲದ್ದೂ ಸಣ್ಣ ಪಾಲಿದೆ. 1840ರ ದಶಕದಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಬೀಜ ಧಾರವಾಡದ ಎರೆಮಣ್ಣಿಗೆ ಒಗ್ಗಿಹೋಗಿತ್ತು. ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಕುಮಟಾ ಎಂಬುದು ಹತ್ತಿಯ ಹೆಸರಾಗಿತ್ತು. ಅಂತರ್ಯುದ್ಧದಿಂದ ಅಮೆರಿಕದ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳು ಇತ್ತ ತಿರುಗಿದವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ ಧಾರವಾಡದ ಹತ್ತಿಯನ್ನು ಕಾರವಾರ ಬಂದರಿಗೆ ಇಳಿಸುವ ಆತುರವಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಆ ಯುದ್ಧದ ಫಲವನ್ನು ಬೇರೊಂದು ರೀತಿಯಲ್ಲಿ ಅರ್ಥ ಮಾಡಿಕೊಂಡವರು ಪುಣೆಯ ಜೋತಿಬಾ ಫುಲೆಯವರು. 1873ರಲ್ಲಿ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಕರಿಯರ ದಾಸ್ಯ ತೊಡೆದ ಅಮೆರಿಕದ ಜನರಿಗೆ ಅರ್ಪಿಸಿದರು. ಅವರು ಮಾತ್ರ ಆ ಪದವನ್ನು ಪುಸ್ತಕದ ಹೆಸರಾಗಿಯೇ ಇಟ್ಟರು.

1860ರ ನವೆಂಬರಿನಲ್ಲಿ ನಾಲ್ಕು ಮಂದಿ ಅಭ್ಯರ್ಥಿಗಳ ನಡುವೆ ಸುಮಾರು ಶೇ. 40 ಮತ ಪಡೆದು ಲಿಂಕನ್ ಅಧ್ಯಕ್ಷನಾದ. ದಕ್ಷಿಣದ ಬಹುಪಾಲು ರಾಜ್ಯಗಳಲ್ಲಿ ಅವನ ಮತಪತ್ರವೇ ಇರಲಿಲ್ಲ. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟ ಬಿಟ್ಟಿತು. ಬಿಟ್ಟುಹೋಗಲು ಕಾರಣವೇನೆಂದು ಅದು ಪ್ರಕಟಿಸಿದ ಘೋಷಣೆಯನ್ನು ಓದಬೇಕು. ಉತ್ತರದ ರಾಜ್ಯಗಳು ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುತ್ತಿಲ್ಲ ಎಂಬುದು ಅದರ ದೊಡ್ಡ ದೂರು. ಮಿಸಿಸಿಪ್ಪಿಯ ಘೋಷಣೆಯಂತೂ ತನ್ನ ನಿಲುವು ಗುಲಾಮಗಿರಿಯೊಡನೆ ಬೆಸೆದುಕೊಂಡಿದೆ ಎಂದು ಮೊದಲಲ್ಲೇ ಹೇಳುತ್ತದೆ. 1861ರ ಮಾರ್ಚ್‌ನಲ್ಲಿ ಬಿಟ್ಟುಹೋದ ರಾಜ್ಯಗಳು ಕಟ್ಟಿಕೊಂಡ ಪ್ರತ್ಯೇಕ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸವಾನಾದಲ್ಲಿ, ಕರಿಯರು ಬಿಳಿಯರಿಗೆ ಸಮರಲ್ಲ ಎಂಬುದೇ ತಮ್ಮ ಸರ್ಕಾರದ ಮೂಲೆಗಲ್ಲು ಎಂದ. ಅವರ ಹೊಸ ಸಂವಿಧಾನ ಹೆಚ್ಚುಕಡಿಮೆ ಹಳೆಯದರ ನಕಲು. ಒಂದು ಮುಖ್ಯ ವ್ಯತ್ಯಾಸವೆಂದರೆ ಅದರಲ್ಲಿ ಗುಲಾಮ ಎಂಬ ಪದವನ್ನು ರಾಜಾರೋಷವಾಗಿ ಬರೆದರು. ಸೋತ ಮೇಲೆ ಇದೇ ಸ್ಟೀಫನ್ಸ್, ಯುದ್ಧ ನಡೆದದ್ದು ಸಂವಿಧಾನದ ತತ್ತ್ವಕ್ಕಾಗಿ ಎಂದು ಎರಡು ಸಂಪುಟ ಬರೆದ. ಗೆಲ್ಲುವ ಭರವಸೆಯಿದ್ದಾಗ ಆಡಿದ ಮಾತನ್ನೇ ನಾನು ನಂಬುತ್ತೇನೆ.

ರಾಜಿಗಳನ್ನೆಲ್ಲ ಹೀಗೆ ಹಳಿಯುವುದು ಸರಿಯೇ ಎಂಬ ಆಕ್ಷೇಪ ಬರಬಹುದು, ಬರಬೇಕು. 1820ರಲ್ಲೋ 1832ರಲ್ಲೋ ಒಕ್ಕೂಟ ಒಡೆದಿದ್ದರೆ ಅದನ್ನು ಮತ್ತೆ ಕೂಡಿಸುವ ಬಲ ಉತ್ತರಕ್ಕೆ ಇರಲಿಲ್ಲ. ರಾಜಿಗಳು ಕೊಂಡುಕೊಟ್ಟ ಕಾಲದಲ್ಲೇ ಅಲ್ಲಿ ರೈಲು, ಕಾರ್ಖಾನೆ, ಜನಸಂಖ್ಯೆ ಬೆಳೆದವು. ದಕ್ಷಿಣ ಬೇರೆ ದೇಶವಾಗಿ ಉಳಿದಿದ್ದರೆ ಗುಲಾಮಗಿರಿ ಇನ್ನೆಷ್ಟು ಕಾಲ ನಡೆಯುತ್ತಿತ್ತೋ. ಈ ವಾದದಲ್ಲಿ ಹುರುಳಿದೆ, ಅಲ್ಲಗಳೆಯಲಾರೆ. ಆದರೆ ಕ್ಲೇ, ವೆಬ್‌ಸ್ಟರ್ ಯಾರೂ ಆ ಉದ್ದೇಶದಿಂದ ರಾಜಿ ಮಾಡಲಿಲ್ಲ. ಆ ಮೂವತ್ತು ನಲವತ್ತು ವರ್ಷಗಳ ಕಾಲಾವಕಾಶ ಎಂದರೆ ಹೊಲದಲ್ಲಿದ್ದವರಿಗೆ ಒಂದು ಇಡೀ ತಲೆಮಾರು. ಹುಟ್ಟಿ, ದುಡಿದು, ಮಕ್ಕಳನ್ನು ಮಾರಾಟಕ್ಕೆ ಕಳೆದುಕೊಂಡು, ಸತ್ತ ತಲೆಮಾರು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಕೊನೆಯ ರಾಜಿಯ ಪ್ರಯತ್ನವನ್ನು ಹೇಳಿ ಮುಗಿಸುತ್ತೇನೆ. ಏಳು ರಾಜ್ಯಗಳು ಹೊರನಡೆದ ಮೇಲೂ, 1861ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ, ಕಾಂಗ್ರೆಸ್ಸಿನ ಎರಡೂ ಸದನಗಳು ಮೂರನೆಯ ಎರಡು ಬಹುಮತದಿಂದ ಒಂದು ತಿದ್ದುಪಡಿಯನ್ನು ಅಂಗೀಕರಿಸಿ ರಾಜ್ಯಗಳ ಅನುಮೋದನೆಗೆ ಕಳಿಸಿದವು. ರಾಜ್ಯಗಳೊಳಗಿನ ಗುಲಾಮಗಿರಿಯನ್ನು ಕಾಂಗ್ರೆಸ್ ಎಂದೆಂದಿಗೂ ಮುಟ್ಟಕೂಡದು ಎಂಬುದು ಅದರ ತಾತ್ಪರ್ಯ. ಲಿಂಕನ್ ತನ್ನ ಪದಗ್ರಹಣದ ಭಾಷಣದಲ್ಲಿ ಅದಕ್ಕೆ ಆಕ್ಷೇಪವಿಲ್ಲವೆಂದ. ಅದರಲ್ಲೂ ಗುಲಾಮಗಿರಿ ಎಂಬ ಪದವಿರಲಿಲ್ಲ. ದುಡಿಮೆಗೆ ಕಟ್ಟುಬಿದ್ದ ವ್ಯಕ್ತಿಗಳು ಎಂಬ ಹಳೆಯ ಸುತ್ತುಮಾತೇ ಇತ್ತು. ಅನುಮೋದನೆಯಾಗಿದ್ದರೆ ಸಂವಿಧಾನದ 13ನೆಯ ತಿದ್ದುಪಡಿ ಅದಾಗುತ್ತಿತ್ತು. ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು.

ಇವತ್ತು ಅಮೆರಿಕದ ಸಂವಿಧಾನದಲ್ಲಿರುವ 13ನೆಯ ತಿದ್ದುಪಡಿ ಬೇರೆಯದು. 1865ರ ಡಿಸೆಂಬರಿನಲ್ಲಿ ಅದು ಅನುಮೋದನೆ ಪಡೆಯಿತು. ಅಪರಾಧಕ್ಕೆ ವಿಧಿಸಿದ ಶಿಕ್ಷೆಯ ಹೊರತು ಎಂಬ ಒಂದು ವಿನಾಯಿತಿಯೊಡನೆ ಅದು ಗುಲಾಮಗಿರಿಯನ್ನು ರದ್ದು ಮಾಡುತ್ತದೆ. ಸಂವಿಧಾನ ಬರೆದ 78 ವರ್ಷಗಳ ಬಳಿಕ, ಗುಲಾಮಗಿರಿ ಎಂಬ ಪದ ಅದರಲ್ಲಿ ಮೊದಲ ಸಲ ಕಾಣಿಸಿಕೊಂಡದ್ದು ಆ ವಾಕ್ಯದಲ್ಲಿ.